ಓದುಗರ ಪ್ರಶ್ನೆ: ಮೊಬೈಲಿನಿಂದ ದಿನವೂ ಬಿಡುವು ಪಡೆಯುವುದು ಹೇಗೆ?

ಮೊಬೈಲ್ ಬಳಕೆಯ ಬಗೆಗೆ ಪ್ರಶ್ನೆಗಳಿದ್ದರೆ ಬರೆಯಿರಿ ಎಂದು ಕೇಳಿದ್ದೆವು. ಕಲಬುರಗಿ ಜಿಲ್ಲೆಯ ಓದುಗರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ, ಬರೆದವರ ಹೆಸರುಗಳನ್ನು ಬಿಟ್ಟು, ಪ್ರಶ್ನೆಗಳನ್ನು ಸಂಕ್ಷೇಪಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಪದವಿ ಮುಗಿಸಿ, ಕಲಬುರಗಿಯಲ್ಲಿ ಗೆಳತಿಯರೊಂದಿಗೆ ಖೋಲಿ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ತರಗತಿಗಳು ಯೂಟ್ಯೂಬಿನಲ್ಲಿ, ಟಿಪ್ಪಣಿಗಳು ಟೆಲಿಗ್ರಾಂನಲ್ಲಿ ಇರುವುದರಿಂದ ಮೊಬೈಲನ್ನು ದೂರ ಇಡಲಾಗದು. ಬೇಸರವಾದಾಗ ಹತ್ತು ನಿಮಿಷ ರೀಲ್ಸ್ ನೋಡೋಣವೆಂದು ಕೈಗೆತ್ತಿಕೊಂಡರೆ ಒಂದು ತಾಸು ಕಳೆದುಹೋಗಿರುತ್ತದೆ. ಆಪ್‌ಗಳನ್ನು ತೆಗೆದುಹಾಕಿದರೂ ವಾರದೊಳಗೆ ಮತ್ತೆ ಹಾಕಿಕೊಳ್ಳುತ್ತೇನೆ. ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು ಹೇಗೆ? (ಓದುಗರು, ಕಲಬುರಗಿ)

ಉತ್ತರ: ಮನಸ್ಸು ಗಟ್ಟಿಯಿಲ್ಲವೆಂದು ನಿಮ್ಮನ್ನು ನೀವು ಹಳಿದುಕೊಳ್ಳುವುದನ್ನು ಮೊದಲು ಬಿಡಿ. ನಿಮ್ಮ ಪತ್ರದಲ್ಲಿ ಎರಡು ಸಂಗತಿಗಳು ಒಂದರೊಳಗೊಂದು ಬೆರೆತುಕೊಂಡಿವೆ. ಓದಿನ ನಡುವೆ ಬಿಡುವು ಬೇಕೆನ್ನಿಸುವುದು ಒಂದು, ಆ ಬಿಡುವನ್ನು ಮೊಬೈಲಿನಲ್ಲಿಯೇ ಕಳೆಯುವುದು ಇನ್ನೊಂದು. ಮೊದಲನೆಯದು ಸಹಜವಾದುದು ಮಾತ್ರವಲ್ಲದೆ ಅಗತ್ಯವೂ ಹೌದು. ಬದಲಿಸಬೇಕಾದುದು ಎರಡನೆಯದನ್ನು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾಡಾರ್ ಪರದೆಯ ಮುಂದೆ ಕುಳಿತಿರುತ್ತಿದ್ದ ಸಿಬ್ಬಂದಿಯು ಸ್ವಲ್ಪ ಹೊತ್ತಾದ ಮೇಲೆ ಕಣ್ಣೆದುರಿಗೆ ಮೂಡಿದ ಗುರುತುಗಳನ್ನೂ ಗಮನಿಸದೆ ಬಿಟ್ಟುಬಿಡುತ್ತಿದ್ದುದೇಕೆ ಎಂಬುದನ್ನು ತಿಳಿಯಲು, ಬ್ರಿಟನ್ನಿನ ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ತ್ ಅವರು ಗಡಿಯಾರದಂತಹ ಒಂದು ಉಪಕರಣದ ಮುಂದೆ ಜನರನ್ನು ಎರಡು ತಾಸು ಕೂರಿಸಿ, ಅದರ ಮುಳ್ಳು ಅಪರೂಪಕ್ಕೊಮ್ಮೆ ಒಂದರ ಬದಲು ಎರಡು ಮನೆ ಜಿಗಿದಾಗ ಗುರುತಿಸುವಂತೆ ಹೇಳಿದರು. 1948ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಅರ್ಧ ತಾಸು ದಾಟುತ್ತಿದ್ದಂತೆಯೇ ತಪ್ಪುಗಳು ಹೆಚ್ಚಾದುದು ಕಂಡುಬಂದಿತು. ಮುಂಜಾನೆ ಕುಳಿತವರು ಮಧ್ಯಾಹ್ನದವರೆಗೆ ಏಳದೆ ಓದಬೇಕೆಂದು ನಮ್ಮಲ್ಲಿ ಹಿರಿಯರು ಹೇಳುವುದುಂಟು. ಅವರ ಕಾಳಜಿ ದೊಡ್ಡದಾದರೂ ಆ ಸಲಹೆಯನ್ನು ನಾನು ಒಪ್ಪಲಾರೆ.

ಬಿಡುವನ್ನು ಎಲ್ಲಿ ಕಳೆಯುತ್ತೇವೆ ಎಂಬುದರಿಂದ ಆಗುವ ವ್ಯತ್ಯಾಸವನ್ನು ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ತೋರಿಸಿದ್ದಾರೆ. 400ಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳಿಗೆ ಪದಗಳ ಒಗಟುಗಳನ್ನು ಕೊಟ್ಟು, ನಡುವೆ ಕೆಲವರಿಗೆ ಮೊಬೈಲಿನಲ್ಲಿ, ಕೆಲವರಿಗೆ ಕಂಪ್ಯೂಟರಿನಲ್ಲಿ, ಕೆಲವರಿಗೆ ಕಾಗದದ ಮೇಲೆ ಬೇರೊಂದು ಕೆಲಸವನ್ನು ಬಿಡುವಾಗಿ ಕೊಡಲಾಯಿತು; ಇನ್ನು ಕೆಲವರಿಗೆ ಬಿಡುವನ್ನೇ ಕೊಡಲಿಲ್ಲ. ಮೊಬೈಲ್ ಹಿಡಿದವರು ಮರಳಿ ಬಂದು ಒಗಟು ಬಿಡಿಸಲು ಉಳಿದ ಬಿಡುವು ಪಡೆದವರಿಗಿಂತ ಹೆಚ್ಚು ಸಮಯ ತೆಗೆದುಕೊಂಡರು, ಬಿಡಿಸಿದ್ದೂ ಕಡಿಮೆ. ಬಿಡುವೇ ಸಿಗದವರಿಗೂ ಅವರಿಗೂ ಹೆಚ್ಚಿನ ಅಂತರವಿರಲಿಲ್ಲ. ಅಂದರೆ ನೀವು ರೀಲ್ಸ್ ನೋಡುತ್ತ ಕಳೆದ ಆ ಒಂದು ತಾಸಿನಲ್ಲಿ ಓದೂ ಸಾಗಲಿಲ್ಲ, ತಲೆಗೆ ವಿಶ್ರಾಂತಿಯೂ ದೊರೆಯಲಿಲ್ಲ. ಈ ನಷ್ಟವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ, ಏಕೆಂದರೆ ಊರಿನಲ್ಲಿ ತಂದೆತಾಯಿ ಹೊಂದಿಸಿ ಕಳುಹಿಸುವ ಖೋಲಿ ಬಾಡಿಗೆಯಲ್ಲಿ ನಿಮಗೆ ದೊರೆತಿರುವುದೇ ಈ ಸಮಯ.

ಹತ್ತು ನಿಮಿಷ ಒಂದು ತಾಸಾಗುವುದಕ್ಕೆ ಕಾರಣವಿದೆ. ಪುಸ್ತಕದಲ್ಲಿ ಅಧ್ಯಾಯ ಮುಗಿಯುತ್ತದೆ, ದಿನಪತ್ರಿಕೆಗೆ ಕೊನೆಯ ಪುಟವಿದೆ, ರೀಲ್ಸ್‌ಗೆ ಕೊನೆಯೆಂಬುದಿಲ್ಲ. ಬೆರಳಿನಿಂದ ಸರಿಸಿದಷ್ಟೂ ಹೊಸದು ಬರುತ್ತಲೇ ಇರುವ ಈ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಅವರೇ ಮುಂದೆ ಅದರ ಪರಿಣಾಮ ಕಂಡು ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದ್ದಾರೆ. ಮುಂದಿನ ವಿಡಿಯೊ ಚೆನ್ನಾಗಿರಬಹುದು, ಇಲ್ಲದಿರಲೂಬಹುದು ಎಂಬ ಅನಿಶ್ಚಿತತೆಯೇ ಬೆರಳನ್ನು ಮುಂದಕ್ಕೆ ತಳ್ಳುತ್ತದೆ. ಇಂತಹ ವ್ಯವಸ್ಥೆಯ ಎದುರು ಪ್ರತಿ ಸಲವೂ ಮನೋಬಲದಿಂದಲೇ ಗೆಲ್ಲಬೇಕೆಂದರೆ ದಣಿವಾಗುವುದು ಸಹಜ. ಆದ್ದರಿಂದ ಮೊಬೈಲು ಕೈಗೆ ಸಿಗದಂತೆ ವೇಳೆಯನ್ನೂ ಸ್ಥಳವನ್ನೂ ಗೊತ್ತುಮಾಡಿಕೊಳ್ಳುವುದು ಹೆಚ್ಚು ಫಲಕಾರಿ.

ನಾಳೆ ನೋಡಬೇಕಾದ ಪಾಠಗಳನ್ನು ಇಂದು ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟುಕೊಂಡು, ನೋಡುವಾಗ ಡೇಟಾ ಬಂದ್ ಮಾಡಿ. ಪದೇ ಪದೇ ತೆರೆಯುವ ಪಿಡಿಎಫ್‌ಗಳನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ. ಒಂದು ಪುಟ ಹುಡುಕಲು ಟೆಲಿಗ್ರಾಂ ತೆರೆದು ಇಪ್ಪತ್ತು ಸಂದೇಶ ಓದುವ ಪ್ರಸಂಗ ಅಲ್ಲಿಗೇ ತಪ್ಪುತ್ತದೆ. ಮೇಜಿನ ಮೇಲೆ ಕೈಗಡಿಯಾರ ಅಥವಾ ಸಾದಾ ಅಲಾರಂ ಗಡಿಯಾರವಿರಲಿ, ಏಕೆಂದರೆ ವೇಳೆ ನೋಡಲೆಂದು ಮೊಬೈಲು ಮುಟ್ಟಿದರೂ ಸಾಕು, ನೋಟಿಫಿಕೇಶನ್ ಕಣ್ಣಿಗೆ ಬೀಳುತ್ತದೆ. ನಲವತ್ತೈದು ನಿಮಿಷ ಓದಿ ಹತ್ತು ನಿಮಿಷ ಏಳಿ. ಇಪ್ಪತ್ತೈದಕ್ಕೆ ಐದರಂತೆ ಮಾಡುವವರೂ ಇದ್ದಾರೆ. ಇಟಲಿಯ ಫ್ರಾನ್ಚೆಸ್ಕೊ ಚಿರಿಲ್ಲೊ ಅವರು 1980ರ ದಶಕದ ಕೊನೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ರೂಢಿಸಿಕೊಂಡ ಆ ಕ್ರಮ ಗಣಿತದ ಅಭ್ಯಾಸಕ್ಕೆ ಒಗ್ಗುತ್ತದೆ, ಇತಿಹಾಸದಂತಹ ದೀರ್ಘ ಓದಿಗೆ ನನ್ನ ದೃಷ್ಟಿಯಲ್ಲಿ ತೀರ ಚಿಕ್ಕದು. ಆ ಹತ್ತು ನಿಮಿಷದಲ್ಲಿ ನೀರು ತುಂಬಿಸಿ, ಚಹಾದ ಕಪ್ ತೊಳೆದಿಡಿ, ಕಣ್ಣು ಮುಚ್ಚಿ ಕುಳಿತುಕೊಳ್ಳಿ, ಗೆಳತಿಯೊಂದಿಗೆ ಮಾತನಾಡಿ. ಚೈತ್ರ ವೈಶಾಖದ ಬಿಸಿಲಿನಲ್ಲಿ ಹೊರಗೆ ಕಾಲಿಡಲಾಗದಿದ್ದಾಗ ದೊಡ್ಡ ಬಿಡುವನ್ನು ಸೂರ್ಯ ಏರುವ ಮೊದಲು ಇಟ್ಟುಕೊಂಡು, ಶರಣಬಸವೇಶ್ವರ ಕೆರೆಯ ಕಡೆಗೆ ನಡೆದು ಬನ್ನಿ.

ಖೋಲಿಯಲ್ಲಿರುವ ಎಲ್ಲರೂ ಒಂದೇ ವೇಳೆಗೆ ಮೊಬೈಲುಗಳನ್ನು ಒಂದು ಟ್ರಂಕಿನಲ್ಲಿಟ್ಟರೆ ಇನ್ನೂ ಒಳ್ಳೆಯದು. ಸೈಲೆಂಟ್ ಮಾಡಿದ ಮೊಬೈಲನ್ನು ಮೇಜಿನ ಮೇಲೆ ಇಟ್ಟುಕೊಂಡವರಿಗಿಂತ ಪಕ್ಕದ ಕೋಣೆಯಲ್ಲಿ ಬಿಟ್ಟುಬಂದವರು ನೆನಪಿನ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದರೆಂದು ಟೆಕ್ಸಾಸ್ ವಿಶ್ವವಿದ್ಯಾಲಯದ ಏಡ್ರಿಯನ್ ವಾರ್ಡ್ ಮತ್ತು ಸಂಗಡಿಗರು 2017ರಲ್ಲಿ ವರದಿ ಮಾಡಿದ್ದಾರೆ. ನಂತರದ ಕೆಲವು ಪ್ರಯೋಗಗಳಲ್ಲಿ ಈ ಫಲಿತಾಂಶ ಅಷ್ಟು ಸ್ಪಷ್ಟವಾಗಿ ಬಂದಿಲ್ಲವೆಂಬುದು ನಿಜ. ಆದರೂ ಕೈಗೆಟುಕದ ಮೊಬೈಲನ್ನು ತೆರೆಯಲು ಎದ್ದು ಹೋಗಬೇಕಾಗುತ್ತದೆ ಎಂಬಷ್ಟಕ್ಕೇ ಇದನ್ನು ಮಾಡಬಹುದು.

ಪೂರ್ತಿ ಬಿಟ್ಟುಬಿಡುವ ಪ್ರತಿಜ್ಞೆ ಮಾತ್ರ ಬೇಡ. ನೋಟಿಫಿಕೇಶನ್‌ಗಳನ್ನು ದಿನಕ್ಕೆ ಮೂರು ಸಲ ಒಟ್ಟಾಗಿ ಬರುವಂತೆ ಮಾಡಿ ನೋಡಿದ, 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹಾಗೆ ಪಡೆದವರ ಗಮನವೂ ಮನಃಸ್ಥಿತಿಯೂ ಸುಧಾರಿಸಿದವು. ಏನೂ ಬಾರದಂತೆ ಮಾಡಲಾದವರಲ್ಲಿ ತಳಮಳ ಹೆಚ್ಚಾಯಿತು. ವಾರದೊಳಗೆ ನೀವು ಆಪ್‌ಗಳನ್ನು ಮರಳಿ ಹಾಕಿಕೊಂಡದ್ದೂ ಇದೇ ತಳಮಳದಿಂದ ಇರಬಹುದು. ಮಧ್ಯಾಹ್ನ ಊಟವಾದ ಮೇಲೆ, ಸಂಜೆ ಮತ್ತು ರಾತ್ರಿ ಮಲಗುವುದಕ್ಕೆ ಒಂದು ತಾಸು ಮೊದಲು ಎಂದು ಮೂರು ವೇಳೆ ಇಟ್ಟುಕೊಳ್ಳಿ. ಅಧಿಸೂಚನೆ ಬಂದಿದೆ, ಪರೀಕ್ಷೆ ಮುಂದಕ್ಕೆ ಹೋಗಿದೆ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾದ 371(ಜೆ) ಹುದ್ದೆಗಳ ಸಂಖ್ಯೆ ಬದಲಾಗಿದೆ ಎಂಬ ಗಾಳಿಸುದ್ದಿಗಳು ಗುಂಪುಗಳಲ್ಲಿ ದಿನವಿಡೀ ಹರಿಯುತ್ತವೆ. ಅವನ್ನೆಲ್ಲ ಬಿಟ್ಟು, ಸಂಜೆಯ ವೇಳೆಯಲ್ಲಿ ಒಮ್ಮೆ ನೇಮಕಾತಿ ಪರೀಕ್ಷೆಗಳನ್ನು ನಡೆಸುವ ಕೆಪಿಎಸ್‌ಸಿ ಮತ್ತು ಕೆಇಎ ಜಾಲತಾಣಗಳನ್ನು ನೋಡಿದರೆ ನಿಜವಾದ ಸುದ್ದಿಯಾವುದೂ ತಪ್ಪುವುದಿಲ್ಲ.

ಪ್ರಶ್ನೆ: ದಿನವಿಡೀ ಕಂಪ್ಯೂಟರ್, ಸಂಜೆ ಮೊಬೈಲ್. ಕಣ್ಣು ಉರಿಯುತ್ತವೆ. ಔಷಧಿ ಅಂಗಡಿಯಿಂದ ತಂದ ಹನಿಗಳಿಂದ ಪರಿಹಾರವಿಲ್ಲ. (ಓದುಗರು, ಶಹಾಬಾದ)

ಉತ್ತರ: ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುವ ನಾವು ಪರದೆ ನೋಡುವಾಗ ಅದರ ಅರ್ಧದಷ್ಟೂ ಬಡಿಯುವುದಿಲ್ಲ, ಕಣ್ಣು ಒಣಗಿ ಉರಿಯುವುದಕ್ಕೆ ಇದೇ ಮುಖ್ಯ ಕಾರಣ. 20 ನಿಮಿಷಕ್ಕೊಮ್ಮೆ, 20 ಅಡಿಗಿಂತ ದೂರದಲ್ಲಿರುವ ವಸ್ತುವನ್ನು 20 ಸೆಕೆಂಡು ನೋಡಬೇಕೆಂದು ಕಣ್ಣಿನ ವೈದ್ಯರು ಹೇಳುತ್ತಾರೆ. ಕಿಟಕಿಯಾಚೆಯ ಬೇವಿನ ಮರವಾದರೂ ಆಗಬಹುದು. ಕೂಲರಿನ ಗಾಳಿ ಮುಖಕ್ಕೆ ನೇರವಾಗಿ ಬೀಸದಿರಲಿ. ನಿಮಗೆ ನಲವತ್ತು ದಾಟಿದ್ದರೆ ಚಾಳೀಸಿನ ಸಂಖ್ಯೆಯನ್ನು ಪರೀಕ್ಷಿಸಿಕೊಳ್ಳಿ; ವೈದ್ಯರನ್ನು ಕೇಳದೆ ಹನಿ ಹಾಕಿಕೊಳ್ಳುವುದನ್ನು ನಿಲ್ಲಿಸಿ.

ಪ್ರಶ್ನೆ: ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ಇಲಾಖೆ, ಕ್ಲಸ್ಟರ್, ಶಾಲೆ, ಪಾಲಕರು ಹೀಗೆ ಹಲವು ವಾಟ್ಸಾಪ್ ಗುಂಪುಗಳಲ್ಲಿದ್ದೇನೆ. ರಾತ್ರಿ ಹತ್ತು ಗಂಟೆಗೂ ಮಾಹಿತಿ ಕೇಳುತ್ತಾರೆ. ನೋಡದಿದ್ದರೆ ಮರುದಿನ ಮಾತು ಕೇಳಬೇಕಾಗುತ್ತದೆಂಬ ಭಯ. ನನ್ನಂಥವರಿಗೆ ಬಿಡುವು ಸಾಧ್ಯವೇ? (ಓದುಗರು, ಅಫಜಲಪುರ ತಾಲ್ಲೂಕು)

ಉತ್ತರ: ಸಾಧ್ಯ, ಆದರೆ ನೀವೊಬ್ಬರೇ ಮಾಡಿಕೊಳ್ಳುವಂಥದ್ದಲ್ಲ. ಪರದೆಯ ಮೇಲೆ ಜನರು ಒಂದೇ ವಿಷಯದ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾರೆಂದು ವರ್ಷಗಳ ಕಾಲ ಅಳೆದಿರುವ ಕ್ಯಾಲಿಫೋರ್ನಿಯಾದ ಸಂಶೋಧಕಿ ಗ್ಲೋರಿಯಾ ಮಾರ್ಕ್ ಅವರ ಪ್ರಕಾರ, 2004ರಲ್ಲಿ ಸರಾಸರಿ ಎರಡೂವರೆ ನಿಮಿಷವಿದ್ದುದು ಈಚಿನ ವರ್ಷಗಳಲ್ಲಿ ಸುಮಾರು 47 ಸೆಕೆಂಡಿಗೆ ಇಳಿದಿದೆ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದು ಪಾಲು ಹಿಂದಿನದರಲ್ಲಿಯೇ ಉಳಿಯುತ್ತದೆ ಎಂದು ಸೋಫಿ ಲೆರಾಯ್ ಅವರು 2009ರಲ್ಲಿ ತೋರಿಸಿದ್ದಾರೆ. ನಲಿಕಲಿ ತರಗತಿಯಲ್ಲಿ ಮಗು ಅಕ್ಷರ ತಿದ್ದುತ್ತಿರುವಾಗ ಜೇಬಿನಲ್ಲೋ ಚೀಲದಲ್ಲೋ ಮೊಬೈಲು ಗುಂಯ್ ಎಂದರೆ, ನೀವು ಅದನ್ನು ತೆರೆಯದಿದ್ದರೂ ಮನಸ್ಸು ಅತ್ತ ಹೋಗಿರುತ್ತದೆ. ಹೀಗಾಗಿ ಇದು ನಿಮ್ಮ ನೆಮ್ಮದಿಯ ಪ್ರಶ್ನೆಯಷ್ಟೇ ಆಗಿ ಉಳಿಯದೆ ಮಕ್ಕಳ ಕಲಿಕೆಯ ಪ್ರಶ್ನೆಯೂ ಆಗುತ್ತದೆ, ಸಭೆಯಲ್ಲಿ ಇದನ್ನು ಹೀಗೆಯೇ ಮಂಡಿಸಬಹುದು.

ಮುಖ್ಯ ಶಿಕ್ಷಕರೊಂದಿಗೆ ಮಾತನಾಡಿ, ತುರ್ತು ವಿಷಯಗಳಿಗೆ ಕರೆ ಮಾಡುವುದು, ಉಳಿದವುಗಳಿಗೆ ಮರುದಿನ ಶಾಲೆಯ ವೇಳೆಯಲ್ಲಿ ಉತ್ತರಿಸುವುದು ಎಂಬ ಒಪ್ಪಂದಕ್ಕೆ ಬನ್ನಿ. ಆ ಬಳಿಕ ಗುಂಪುಗಳನ್ನು ಮ್ಯೂಟ್ ಮಾಡಿ, ಪಾಠ ಶುರುವಾಗುವ ಮೊದಲು, ಮಧ್ಯಾಹ್ನದ ಬಿಸಿಯೂಟದ ನಂತರ, ಶಾಲೆ ಬಿಡುವ ಮುನ್ನ ಒಟ್ಟಾಗಿ ನೋಡಿ. ರಾತ್ರಿ ಡು ನಾಟ್ ಡಿಸ್ಟರ್ಬ್ ಹಾಕಿದರೂ ಆಯ್ದ ಕೆಲವರ ಕರೆಗಳು ಬರುವಂತೆ, ಯಾರಾದರೂ ಬೆನ್ನುಬೆನ್ನಿಗೆ ಎರಡು ಸಲ ಕರೆ ಮಾಡಿದರೆ ರಿಂಗ್ ಆಗುವಂತೆ ಇಡುವ ಸೌಲಭ್ಯ ಬಹುತೇಕ ಎಲ್ಲ ಸ್ಮಾರ್ಟ್‌ಫೋನ್‌ಗಳಲ್ಲಿದೆ. ಮುಖ್ಯ ಶಿಕ್ಷಕರ ಮತ್ತು ತವರುಮನೆಯ ಸಂಖ್ಯೆಗಳನ್ನು ಆ ಪಟ್ಟಿಗೆ ಸೇರಿಸಿ. ಹೀಗೆ ಮಾಡಿದ ಮೇಲೆಯೂ ಒಂದು ಮಾತು ಕೇಳಬೇಕಾಗಿ ಬಂದರೆ, ಕೇಳಿ ಸುಮ್ಮನಾಗುವುದು ನಿದ್ದೆ ಕಳೆದುಕೊಳ್ಳುವುದಕ್ಕಿಂತ ಲೇಸು.

ಪ್ರಶ್ನೆ: ತಾಲ್ಲೂಕು ಕಚೇರಿಯ ನೌಕರ ನಾನು. ನಾಲ್ಕು ವರ್ಷದ ಮಗಳು ಮೊಬೈಲ್ ಕೊಡದಿದ್ದರೆ ಊಟವನ್ನೇ ಮಾಡುವುದಿಲ್ಲ. ಬೇಸಿಗೆಯಲ್ಲಿ ಹೊರಗೆ ಬಿಡುವಂತೆಯೂ ಇಲ್ಲ. (ಓದುಗರು, ಚಿತ್ತಾಪುರ)

ಉತ್ತರ: ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಮುಂಜಾನೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದರಿಂದ ಆ ಎರಡು ತಿಂಗಳು ನೀವು ಮಧ್ಯಾಹ್ನವೆಲ್ಲ ಮನೆಯಲ್ಲಿರುತ್ತೀರಿ. ಬಾಗಿಲು ಮುಚ್ಚಿ, ಕೂಲರ್ ಹಾಕಿ, ಅಪ್ಪ ಒಂದು ಮೊಬೈಲಿನಲ್ಲಿ, ಮಗಳು ಅಮ್ಮನ ಮೊಬೈಲಿನಲ್ಲಿ ಮುಳುಗಿರುವ ಮಧ್ಯಾಹ್ನಗಳು ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿವೆ. ಮಗಳ ಕೈಯಿಂದ ತೆಗೆಯುವ ಮೊದಲು ನಿಮ್ಮ ಮೊಬೈಲನ್ನು ಕಪಾಟಿನಲ್ಲಿಡಿ ಎಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಆ ವಯಸ್ಸಿನ ಮಗು ಹೇಳಿದ್ದಕ್ಕಿಂತ ಕಂಡದ್ದನ್ನು ಮಾಡುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಎರಡು ವರ್ಷ ತುಂಬದ ಮಕ್ಕಳಿಗೆ ಪರದೆ ತೋರಿಸಲೇಬಾರದು; ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರಬಾರದು, ಅದಕ್ಕೂ ಕಡಿಮೆಯಾದರೆ ಒಳ್ಳೆಯದು. ಆ ಒಂದು ತಾಸನ್ನು ಊಟದ ಹೊತ್ತಿನಿಂದ ಬೇರ್ಪಡಿಸಿ. ಪರದೆ ನೋಡುತ್ತ ತಿನ್ನುವ ಮಗುವಿಗೆ ಹಸಿವು ಯಾವಾಗ ತೀರಿತೆಂಬುದೂ ತಿಳಿಯುವುದಿಲ್ಲ, ಬಾಯಿಗೆ ಬಂದ ತುತ್ತಿನ ರುಚಿಯೂ ತಿಳಿಯುವುದಿಲ್ಲ. ಮೊದಲ ಕೆಲವು ದಿನ ಅವಳು ಅತ್ತು ರಂಪ ಮಾಡಬಹುದು, ಒಂದು ಹೊತ್ತು ಕಡಿಮೆ ತಿನ್ನಬಹುದು. ಆರೋಗ್ಯವಂತ ಮಗು ಮುಂದಿನ ಹೊತ್ತಿಗೆ ಹಸಿದು ತಾನೇ ಬರುತ್ತದೆ. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನು ಅವಳದೇ ತಾಟಿನಲ್ಲಿ ಹಾಕಿ, ಅವಳ ಕೈಯಿಂದಲೇ ತಿನ್ನಲು ಬಿಡಿ, ಚೆಲ್ಲಿದರೆ ಚೆಲ್ಲಲಿ. ಮನೆಯಲ್ಲಿ ಅಜ್ಜಿ ಇದ್ದು, ಅಳು ನೋಡಲಾರದೆ ಅವರು ಮೊಬೈಲ್ ಕೊಟ್ಟರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಆದ್ದರಿಂದ ಮನೆಯವರೆಲ್ಲ ಮೊದಲೇ ಕೂತು ಮಾತನಾಡಿಕೊಳ್ಳಿ.

ಪ್ರಶ್ನೆ: ನಮ್ಮದು ತಾಂಡಾ. ಮಗ ಸೊಸೆ ಮುಂಬೈಗೆ ದುಡಿಯಲು ಹೋಗಿದ್ದಾರೆ, ಮೊಮ್ಮಕ್ಕಳು ನನ್ನ ಹತ್ತಿರ ಇದ್ದಾರೆ. ರಾತ್ರಿ ಅವರು ವಿಡಿಯೊ ಕಾಲ್ ಮಾಡುತ್ತಾರೆ. ಮಕ್ಕಳಿಗೆ ಮೊಬೈಲ್ ಕೊಡಬೇಡಿರೆಂದು ಶಾಲೆಯಲ್ಲಿ ಹೇಳಿದ್ದಾರೆ. ಇದನ್ನೂ ನಿಲ್ಲಿಸಬೇಕೇ? (ಮೊಮ್ಮಗಳಿಂದ ಬರೆಸಿದ ಪತ್ರ, ಚಿಂಚೋಳಿ ತಾಲ್ಲೂಕು)

ಉತ್ತರ: ನಿಲ್ಲಿಸಬೇಡಿ, ತಾಯಿ. ತಂದೆತಾಯಿಯ ಮುಖ ನೋಡಿ ಮಾತನಾಡುವುದನ್ನು ಯಾರೂ ಚಟವೆನ್ನುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಚಿಂತೆಯೂ ಮಗು ಒಂದೇ ಕಡೆ ಕುಳಿತು ಪರದೆ ನೋಡುತ್ತ ಕಳೆಯುವ ಸಮಯದ ಬಗೆಗೆ ಇದೆ. ಮಗನಿಗೆ ಹೇಳಿ ಕರೆಗೆ ಒಂದು ವೇಳೆ ಗೊತ್ತುಮಾಡಿಕೊಳ್ಳಿ, ಆಗ ಮಕ್ಕಳು ಸಂಜೆಯಿಂದಲೇ ಮೊಬೈಲ್ ಹಿಡಿದು ಕಾಯುವುದು ತಪ್ಪುತ್ತದೆ. ಮಾತು ಮುಗಿದೊಡನೆ ಮೊಬೈಲನ್ನು ನೀವು ತೆಗೆದುಕೊಂಡು ಚಾರ್ಜಿಗೆ ಹಚ್ಚಿ ಎತ್ತರದ ಗೂಡಿನಲ್ಲಿಡಿ, ಕರೆ ಮುಗಿದ ಮೇಲೆ ಮಕ್ಕಳು ಆಟದ ಆಪ್ ತೆರೆದು ಕೂರುವುದೇ ಶಾಲೆಯವರ ಚಿಂತೆಯಾಗಿರಬೇಕು. ಮುಂಬೈಯಲ್ಲಿ ದಣಿದು ಬಂದವರಿಗೆ ಮಗು ಇಂದು ಬರೆದ ಪಾಟಿಯನ್ನು ಕ್ಯಾಮೆರಾದ ಮುಂದೆ ಹಿಡಿದು ತೋರಿಸಲಿ, ಓದಿ ಹೇಳಲಿ. ಅವರಿಗೂ ಅದು ಬೇಕಾಗಿರುತ್ತದೆ.

ಪ್ರಶ್ನೆ: ಊರಿಗೆ ಊರೇ ಮೊಬೈಲ್ ಬಂದ್ ಮಾಡುವ ಹಳ್ಳಿಯೊಂದು ಮಹಾರಾಷ್ಟ್ರದಲ್ಲಿದೆ ಎನ್ನುತ್ತಾರೆ. ನಿಜವೇ? ನಮ್ಮ ಪಂಚಾಯಿತಿಯಲ್ಲಿ ಮಾಡಬಹುದೇ? (ಓದುಗರು, ಆಳಂದ ತಾಲ್ಲೂಕು)

ಉತ್ತರ: ನಿಜ. ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ, ಸುಮಾರು 3000 ಜನಸಂಖ್ಯೆಯ ಊರು ಅದು. ಕೊರೊನಾ ಕಾಲದಲ್ಲಿ ಪಾಠಕ್ಕೆಂದು ಕೈಗೆ ಬಂದ ಮೊಬೈಲನ್ನು ಮಕ್ಕಳು ಶಾಲೆ ತೆರೆದ ಮೇಲೆಯೂ ಬಿಡದಿದ್ದಾಗ, ಊರಿನವರು 2022ರ ಆಗಸ್ಟ್ 15ರಿಂದ ಒಂದು ಪದ್ಧತಿ ಆರಂಭಿಸಿದರು. ಸಂಜೆ 7ಕ್ಕೆ ಸೈರನ್ ಆಗುತ್ತದೆ, ಟಿವಿ ಮೊಬೈಲುಗಳು ಬಂದ್ ಆಗುತ್ತವೆ, 8.30ಕ್ಕೆ ಮತ್ತೆ ಸೈರನ್ ಆಗುವವರೆಗೆ ಮಕ್ಕಳು ಓದುತ್ತಾರೆ, ಹಿರಿಯರು ಮಾತನಾಡುತ್ತಾರೆ. ಇದು ಕಾನೂನಿನ ಬಲದಿಂದ ಆದುದಲ್ಲ. ಮನೆ ಮನೆಗೆ ಹೋಗಿ ತಿಳಿಹೇಳಿ ಒಪ್ಪಿಸಿದ್ದು.

ಆಳಂದದಿಂದ ಮಹಾರಾಷ್ಟ್ರದ ಗಡಿ ದೂರವೇನಲ್ಲ, ಬೇಕಾದರೆ ನಾಲ್ಕು ಜನ ಹೋಗಿ ನೋಡಿ ಬರಬಹುದು. ಆದರೆ ಅವರ ವೇಳೆಯನ್ನೇ ನಕಲು ಮಾಡಬೇಡಿ. ತೊಗರಿ ರಾಶಿಯ ದಿನಗಳಲ್ಲಿ ಹೊಲದಿಂದ ಜನ ಮರಳುವುದು ತಡವಾಗುತ್ತದೆ, ದಾಲ್‌ ಮಿಲ್‌ನಿಂದ ಧಾರಣೆಯ ಕರೆಗಳೂ ಸಂಜೆಯೇ ಬರುತ್ತವೆ. ಗ್ರಾಮಸಭೆಯಲ್ಲಿ ಹೆಣ್ಣುಮಕ್ಕಳನ್ನು ಮೊದಲು ಕೇಳಿ. ಅಡುಗೆ, ನೀರು, ದನಕರು ಮುಗಿಸಿ ಅವರಿಗೆ ಸಿಗುವ ಧಾರಾವಾಹಿಯ ಅರ್ಧ ತಾಸನ್ನು ಗಂಡಸರು ಕೂತು ನಿರ್ಧರಿಸಿ ಕಸಿದುಕೊಂಡರೆ ಈ ಪದ್ಧತಿ ನಿಲ್ಲುವುದಿಲ್ಲ, ನಿಲ್ಲಬೇಕಾದ ನ್ಯಾಯವೂ ಇಲ್ಲ. ಪರೀಕ್ಷೆಗೆ ಮುಂಚಿನ ಎರಡು ತಿಂಗಳು, ಎಸ್ಸೆಸ್ಸೆಲ್ಸಿ ಮಕ್ಕಳಿರುವ ಓಣಿಯೊಂದರಲ್ಲಿ ಶುರು ಮಾಡಿ ನೋಡಿ.

ಪ್ರಶ್ನೆ: ಹದಿನಾರು ವರ್ಷದ ಮಗ ರಾತ್ರಿ ಎರಡರವರೆಗೆ ಗೇಮ್ ಆಡುತ್ತಾನೆ. ಮೊಬೈಲ್ ಕಸಿದುಕೊಂಡಾಗ ತಾಯಿಯ ಮೇಲೆ ಕೈ ಮಾಡಿದ. ಕಾಲೇಜಿಗೆ ಹೋಗುವುದನ್ನು ನಿಲ್ಲಿಸಿದ್ದಾನೆ. (ಓದುಗರು, ಜೇವರ್ಗಿ)

ಉತ್ತರ: ನಿಮ್ಮ ಮಗನ ಸ್ಥಿತಿಗೆ ಮೇಲಿನ ಯಾವ ಸಲಹೆಯೂ ಸಾಲದು. ಆಟದ ಮೇಲೆ ಹಿಡಿತ ತಪ್ಪಿ, ಊಟ ನಿದ್ದೆ ಓದುಗಳಿಗಿಂತ ಅದೇ ಮುಖ್ಯವಾಗಿ, ಕೇಡಾಗುತ್ತಿದೆಯೆಂದು ಕಂಡರೂ ಮುಂದುವರಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದ್ದು, 2022ರಿಂದ ಆ ಪಟ್ಟಿ ಜಾರಿಯಲ್ಲಿದೆ. ಹೀಗೆಂದು ನಿರ್ಧರಿಸುವುದು ಮನೋವೈದ್ಯರ ಕೆಲಸ. ಇದರ ಹಿಂದೆ ಖಿನ್ನತೆಯೋ ಕಾಲೇಜಿನಲ್ಲಿ ಅನುಭವಿಸಿದ ಅವಮಾನವೋ ಇರುವುದುಂಟು, ಅದನ್ನೂ ಅವರು ವಿಚಾರಿಸುತ್ತಾರೆ. ಅವನು ಸಿಟ್ಟಿನಲ್ಲಿರುವಾಗ ಮೊಬೈಲ್ ಕಸಿಯುವುದು, ಒಡೆಯುವುದು, ನೆಂಟರ ಮುಂದೆ ಹಂಗಿಸುವುದು ಬೇಡ. ತಾಯಿ ಒಬ್ಬರೇ ಅವನೆದುರು ನಿಲ್ಲುವ ಪರಿಸ್ಥಿತಿಯೂ ಬಾರದಂತೆ ನೋಡಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನ ಚಟಕ್ಕಾಗಿಯೇ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ. ಅಷ್ಟು ದೂರ ಹೋಗುವ ಮೊದಲು ಇಂದೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲಿ ಮಾತನಾಡಬಹುದು. ಮಗ ಒಪ್ಪದಿದ್ದರೆ ಮೊದಲ ಸಲ ನೀವು ಮತ್ತು ಅವನ ತಾಯಿ ಇಬ್ಬರೇ ಮಾತನಾಡಿ, ಅವನನ್ನು ವೈದ್ಯರ ಬಳಿಗೆ ಕರೆತರುವ ಬಗೆಯನ್ನು ಅವರಿಂದಲೇ ಕೇಳಿ ತಿಳಿದುಕೊಳ್ಳಿ.